ಚುಕ್ಕಿ ಇಡುವುದನ್ನು ಕಲಿತದ್ದು

1997ರ ಆಷಾಢದ ಒಂದು ಮಧ್ಯಾಹ್ನ ಧಾರವಾಡದಲ್ಲಿ ಮಳೆ ಹಿಡಿದುಕೊಂಡಿತ್ತು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಗಣಿತ ಓದುತ್ತಿದ್ದ ನಾನು ಗೆಳೆಯನೊಬ್ಬನನ್ನು ಕಾಣಲು ಕರ್ನಾಟಕ ವಿಶ್ವವಿದ್ಯಾಲಯದ ಆವರಣಕ್ಕೆ ಹೋಗಿದ್ದೆ. ಮಳೆ ನಿಲ್ಲುವ ತನಕ ಇರೋಣವೆಂದು ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯದೊಳಗೆ ಹೊಕ್ಕೆ. 1939ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರು ಕೇಳಿದ್ದೆನೇ ಹೊರತು ಒಳಗೆ ಕಾಲಿಟ್ಟವನಲ್ಲ. ಅಲ್ಲಿ ಒಂದು ಶಾಸನದ ಕಲ್ಲಿನ ಮುಂದೆ ಧೋತರ ಮಡಿಚಿಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕೈಸನ್ನೆ ಮಾಡಿ ಕರೆದರು. "ತಮ್ಮಾ, ನಿನ್ನ ಕಣ್ಣು ಛಲೋ ಇರ್ತಾವ. ಈ ಸಾಲಿನ ಕಡೀ ಅಕ್ಷರ ದ ಅದನೋ ಧ ಅದನೋ ನೋಡಿ ಹೇಳು" ಅಂದರು. ನನಗೆ ಅದು ಅಕ್ಷರವೆಂದೇ ತಿಳಿದಿರಲಿಲ್ಲ. ಆದರೂ ಹಿರಿಯರು ಕೇಳಿದ್ದಾರೆ, ಏನಾದರೂ ಹೇಳಬೇಕೆಂದು "ಧ ಅದರಿ" ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಕಂಡು ಹೇಳಿದ್ಯೋ, ಅಂದಾಜಿಲೆ ಹೇಳಿದ್ಯೋ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ತಿಳಿದುಕೊಳ್ಳುವ ಇಚ್ಛೆ ಮಾತ್ರ ಇತ್ತು. "ಅಂದಾಜಿಲೆರಿ" ಎಂದು ಒಪ್ಪಿಕೊಂಡೆ. "ಹಂಗಾರ ಕೂಡು, ಇಬ್ಬರೂ ಕೂಡಿ ನೋಡೂಣು" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಆ ಜಾಗದಲ್ಲಿ ನಾನು ಹನ್ನೆರಡು ವರ್ಷ ಕುಳಿತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಲೇಖನದಲ್ಲಿ ಹೆಸರು ಬರುವುದನ್ನು ಅವರು ಎಂದೂ ಬಯಸಲಿಲ್ಲ, ಆ ಮಾತನ್ನು ಈಗಲೂ ನಡೆಸಬೇಕೆಂಬುದು ನನ್ನ ಆಸೆ. ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ, ಧಾರವಾಡದ ಮಾಳಮಡ್ಡಿಯ ಒಂದು ಹಂಚಿನ ಮನೆಯಲ್ಲಿದ್ದ ಅವರನ್ನು ಓಣಿಯವರೆಲ್ಲ ಮಾಸ್ತರು ಎಂದೇ ಕರೆಯುತ್ತಿದ್ದರು, ನನಗೂ ಅವರು ಮಾಸ್ತರೇ ಆದರು. ವಿಶ್ವವಿದ್ಯಾಲಯದ ಹುದ್ದೆಯಾಗಲಿ, ಸಂಶೋಧನೆಯ ಅನುದಾನವಾಗಲಿ ಅವರಿಗೆ ಇರಲಿಲ್ಲ. ಐತವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು, ಯಾವುದೋ ಹಳ್ಳಿಯ ಹುಣಸೆಮರದ ಬುಡದಲ್ಲೋ ಹಾಳು ಗುಡಿಯ ಹಿಂದೆಯೋ ಬಿದ್ದ ಕಲ್ಲನ್ನು ಓದಿ, ಕತ್ತಲಾದ ಮೇಲೆ ಮನೆ ಸೇರುವುದನ್ನು ಅವರು ಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ನನಗೂ ಅವರಿಗೂ ನಲವತ್ತಾರು ವರ್ಷದ ಅಂತರ. ಆದರೂ ಅವರು ನನ್ನನ್ನು ಶಿಷ್ಯನೆಂದು ಯಾರಿಗೂ ಪರಿಚಯಿಸಿದ್ದಿಲ್ಲ. "ಇವರು ನಮ್ಮ ಗೆಳೆಯರು, ಗಣಿತದವರು" ಎನ್ನುತ್ತಿದ್ದರು. ಶೇಂಗಾ ಹಿಂಡಿ ಸವರಿದ ರೊಟ್ಟಿಯ ಗಂಟನ್ನು ಬಿಚ್ಚಿದಾಗ ಎರಡು ಪಾಲು ಸಮನಾಗಿರುತ್ತಿದ್ದವು. ತಾವು ಬರೆದ ಲೇಖನವನ್ನು ನನ್ನ ಕೈಗೆ ಕೊಟ್ಟು ತಪ್ಪು ಹುಡುಕಲು ಹೇಳುತ್ತಿದ್ದರು, ನಾನು ಹುಡುಕಿಕೊಟ್ಟ ತಪ್ಪನ್ನು ನನ್ನೆದುರಿಗೇ ತಿದ್ದುತ್ತಿದ್ದರು. ಹತ್ತೊಂಬತ್ತು ವರ್ಷದ ಹುಡುಗನಿಗೆ ಅದು ಎಂಥ ಗೌರವವೆಂಬುದನ್ನು ಹೇಳಲು ಈಗಲೂ ನನಗೆ ಸರಿಯಾದ ಮಾತು ಸಿಗುವುದಿಲ್ಲ.

ಮೊದಲ ಆರು ತಿಂಗಳು ಅವರು ನನಗೆ ಕಾಗದ, ಮಸಿ ಮುಟ್ಟಗೊಡಲಿಲ್ಲ. ಬರೀ ಅಕ್ಷರ. ಹನ್ನೊಂದು-ಹನ್ನೆರಡನೆಯ ಶತಮಾನದ ಕನ್ನಡ ಲಿಪಿ ಇಂದಿನ ನಮ್ಮ ಲಿಪಿಗೆ ತೀರ ದೂರದ್ದಲ್ಲ, ಒಂದಿಷ್ಟು ದಿನ ಕುಳಿತರೆ ಪರಿಚಯವಾಗುತ್ತದೆ. ತೊಡಕಿರುವುದು ಒಂದನ್ನೊಂದು ಹೋಲುವ ಅಕ್ಷರಗಳಲ್ಲಿ. ದ ಮತ್ತು ಧ, ಪ ಮತ್ತು ಷ, ವ ಮತ್ತು ಮ ಇವುಗಳ ನಡುವಿನ ವ್ಯತ್ಯಾಸವೆಂದರೆ ಒಂದು ಸಣ್ಣ ಗೀರು, ಒಂದು ಚಿಕ್ಕ ಕೊಂಡಿ. ಒಂಬೈನೂರು ವರ್ಷ ಮಳೆಗಾಳಿಗೆ ಸವೆದ ಕಲ್ಲಿನ ಮೇಲೆ ಆ ಗೀರೇ ಅಳಿಸಿ ಹೋಗಿರುತ್ತದೆ. ಜೊತೆಗೆ ನಮ್ಮ ಬಾಯಿಯಿಂದ ಮರೆಯಾದ ಱ ಮತ್ತು ೞ. ಇದೆಲ್ಲಕ್ಕಿಂತ ದೊಡ್ಡ ತೊಡಕು ನೆನಪು. ಕಲ್ಯಾಣ ಚಾಲುಕ್ಯರ ಶಾಸನಗಳು ಬಹುಪಾಲು "ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ" ಎಂಬ ಒಂದೇ ಧಾಟಿಯಲ್ಲಿ ಆರಂಭವಾಗುತ್ತವೆ. ಅದು ಬಾಯಿಗೆ ಬಂದ ಮೇಲೆ ಕಣ್ಣಿಗೆ ಕೆಲಸವೇ ಉಳಿಯುವುದಿಲ್ಲ. ಮೊದಲೆರಡು ಅಕ್ಷರ ಕಂಡ ಕೂಡಲೇ ನಾಲಿಗೆ ಮುಂದಕ್ಕೆ ಓಡುತ್ತದೆ. ಇದಕ್ಕೆ ಮಾಸ್ತರರು ಕಂಡುಕೊಂಡಿದ್ದ ಉಪಾಯವೆಂದರೆ ಸಾಲನ್ನು ಕೊನೆಯಿಂದ ಹಿಂದಕ್ಕೆ ಓದಿಸುವುದು. ಅಂಗೈಯಿಂದ ಉಳಿದದ್ದನ್ನು ಮುಚ್ಚಿ ಒಂದೊಂದೇ ಅಕ್ಷರವನ್ನು ತೋರಿಸುತ್ತಿದ್ದರು. ಹಿಂದುಮುಂದಾದಾಗ ಶಬ್ದವಿರುವುದಿಲ್ಲ, ಅರ್ಥವಿರುವುದಿಲ್ಲ, ಬರೀ ಕೊರೆದ ಗೆರೆ ಇರುತ್ತದೆ. ಆಗಷ್ಟೇ ಕಣ್ಣು ನಿಜವಾಗಿ ನೋಡುತ್ತದೆ.

ಆ ದಸರೆಯ ರಜೆಯಲ್ಲಿ ಲಕ್ಕುಂಡಿಗೆ ಹೋದೆವು. ಅದೇ ವರ್ಷ ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಗಳಾಗಿದ್ದವು. ಶಾಸನಗಳ ಲೊಕ್ಕಿಗುಂಡಿಯೇ ಈ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯೂ ಅವಳ ಕೀರ್ತಿಯನ್ನು ಹೇಳುವ 1007ರ ಶಾಸನವೂ ಅಲ್ಲಿವೆ. 993ರಲ್ಲಿ ರನ್ನ ಅಜಿತಪುರಾಣವನ್ನು ಬರೆದದ್ದು ಅವಳ ಆಶ್ರಯದಲ್ಲಿ. ಇದನ್ನೆಲ್ಲ ಪಠ್ಯದಲ್ಲಿ ಓದಿದ್ದ ನಾನು ಹುರುಪಿನಿಂದ ಹೇಳತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಛಲೋ ಹೇಳಿದಿ. ಇದು ನಿನಗ ಪುಸ್ತಕ ಹೇಳಿದ್ದು. ಈಗ ಕಲ್ಲು ಏನ ಹೇಳ್ತದ ನೋಡು" ಎಂದರು. ಸಂರಕ್ಷಿತ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಅಲ್ಲಿ ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳನ್ನು ಮಸಿಯಿಂದ ಕಾಗದದ ಮೇಲೆ ಮೂಡಿಸಿಕೊಳ್ಳುವ ಪ್ರತಿ, ತೆಗೆಯುವಂತಿರಲಿಲ್ಲ, ತೆಗೆಯುವ ಯೋಚನೆಯನ್ನೂ ಅವರು ಮಾಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬರೀ ಕಣ್ಣಿನಿಂದ ನಾಲ್ಕು ಸಾಲು ಓದಿದೆವು. ನಾಲ್ಕೇ ಸಾಲು. ಆ ಸಂಜೆ ಗದಗಿನ ಬಸ್ಸಿನಲ್ಲಿ ನನಗಾದ ತೃಪ್ತಿಯನ್ನು ಪರೀಕ್ಷೆಯ ಯಾವ ಅಂಕಪಟ್ಟಿಯೂ ಕೊಟ್ಟಿರಲಿಲ್ಲ.

ಪಡಿಯಚ್ಚು ತೆಗೆಯುವುದನ್ನು ಕಲಿತದ್ದು 1998ರ ಸಂಕ್ರಾಂತಿಯ ನಂತರ, ನನ್ನೂರಿನಲ್ಲಿಯೇ. ಗದಗ ತಾಲ್ಲೂಕಿನ ನಮ್ಮ ಹಳ್ಳಿಯ ಈಶ್ವರ ಗುಡಿಯ ಹಿಂಬದಿಗೆ ಅರ್ಧ ಹೂತುಹೋದ ಒಂದು ಕಲ್ಲಿದೆಯೆಂದು, ಚಿಕ್ಕವರಿದ್ದಾಗ ಅದರ ಮೇಲೆ ಕುಳಿತು ಆಡುತ್ತಿದ್ದೆವೆಂದು ನಾನು ಹೇಳಿದ್ದೆ. ಅಪ್ಪ ಮತ್ತು ಕಾಕಾ ಸಲಿಕೆ ಹಿಡಿದು ಬುಡದ ಮಣ್ಣು ಬಿಡಿಸಿಕೊಟ್ಟರು. ಎಷ್ಟೋ ಅಮಾವಾಸ್ಯೆಗಳ ಎಣ್ಣೆ, ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಪಾಚಿ. ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಅರ್ಧ ಗಂಟೆಯ ಕೆಲಸ, ಆದರೆ ಅಕ್ಷರದ ಅಂಚೂ ಅದರೊಂದಿಗೆ ಹೋಗುತ್ತದೆ. ಮಾಸ್ತರರು ತೆಂಗಿನ ನಾರು ಮತ್ತು ನೀರು ಬಿಟ್ಟು ಬೇರೇನನ್ನೂ ಬಳಸಗೊಡಲಿಲ್ಲ, ಅಕ್ಷರದೊಳಗಿನ ಸುಣ್ಣವನ್ನು ಬಿದಿರಿನ ಕಡ್ಡಿಯಿಂದ ಬಿಡಿಸಬೇಕಾಗಿತ್ತು. ಬೆಳಗಿನ ಏಳರಿಂದ ಮಧ್ಯಾಹ್ನದವರೆಗೆ ಅದೇ ಆಯಿತು. ಆಮೇಲೆ ಕಾಗದವನ್ನು ನೀರಿನಲ್ಲಿ ನೆನೆಸಿ, ಇಬ್ಬರೂ ಎರಡು ತುದಿ ಹಿಡಿದು, ಮೇಲಿನಿಂದ ಕೆಳಗೆ ಗಾಳಿ ಉಳಿಯದಂತೆ ಕಲ್ಲಿಗೆ ಅಂಟಿಸಿದೆವು. ಬಿರುಸು ಕೂದಲಿನ ಬ್ರಷ್ಷಿನಿಂದ ಒಂದೇ ಸಮನಾಗಿ ಬಡಿಯುತ್ತ ಹೋದಂತೆ ಕಾಗದ ಅಕ್ಷರಗಳ ಗುಂಡಿಯೊಳಗೆ ಇಳಿಯುತ್ತದೆ. ಮೆಲ್ಲಗೆ ಬಡಿದರೆ ಇಳಿಯದು, ಜೋರಾಗಿ ಬಡಿದರೆ ಹರಿಯುತ್ತದೆ. ಕಾಗದ ಇನ್ನೂ ಅರೆಬರೆ ಹಸಿಯಿರುವಾಗ ಹತ್ತಿ ತುಂಬಿದ ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ, ಬೇರೆ ಹಲಗೆಯ ಮೇಲೆ ಒತ್ತಿ ಹದ ಮಾಡಿಕೊಂಡು, ಮೇಲಿಂದ ಮೇಲೆ ತಟ್ಟಬೇಕು. ಕಲ್ಲಿನ ಮೈ ಕಪ್ಪಾಗಿ, ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಹೆಚ್ಚಾದರೆ ಅದು ಗುಂಡಿಗೂ ಇಳಿದು ಎಲ್ಲವೂ ಕಪ್ಪು. ನನ್ನ ಮೊದಲ ಎರಡು ಅಚ್ಚುಗಳು ಹಾಗೆಯೇ ಹಾಳಾದವು. ಮೂರನೆಯದು ಒಣಗಿ ಕಲ್ಲಿನಿಂದ ತಾನಾಗಿಯೇ ಬಿಟ್ಟುಕೊಂಡಾಗ, ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ ಅಪ್ಪ ತಲೆಯ ಮೇಲಿನ ಟೊಪಿಗೆ ತೆಗೆದದ್ದು ನನಗೆ ನೆನಪಿದೆ.

ಮಾಳಮಡ್ಡಿಯ ಮನೆಯ ನೆಲದ ಮೇಲೆ ಆ ಅಚ್ಚನ್ನು ಹರಡಿ ಓದತೊಡಗಿದೆವು. ತ್ರಿಭುವನಮಲ್ಲದೇವ ಎಂಬ ಬಿರುದು ಬಂದದ್ದರಿಂದ ಆರನೆಯ ವಿಕ್ರಮಾದಿತ್ಯನ ಕಾಲದ್ದೆಂಬುದು ಖಾತ್ರಿಯಾಯಿತು. ಅವನು 1076ರಲ್ಲಿ ಪಟ್ಟಕ್ಕೆ ಬಂದು ತನ್ನದೇ ಚಾಲುಕ್ಯವಿಕ್ರಮ ವರ್ಷವನ್ನು ಆರಂಭಿಸಿದವನು. ವರ್ಷದ ಅಂಕಿಯನ್ನು ನಾನು ೩೨ ಎಂದು ಓದಿ, ಸಂವತ್ಸರ ಈಶ್ವರ ಎಂದು ಬರೆದೆ. ಮಾಸ್ತರರು ತಪ್ಪೆನ್ನಲಿಲ್ಲ. "ಈಗ ಯಾವ ಸಂವತ್ಸರ ನಡದದ, ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ ಬಾ" ಎಂದರು. ನೋಡಿದೆ. ಈಶ್ವರ ಸಂವತ್ಸರ. "ನೀ ಗಣಿತದಾಂವ, ಮುಂದಿಂದು ನಿನಗ ಬಿಟ್ಟದ್ದು" ಎಂದು ಸುಮ್ಮನಾದರು. ಅರವತ್ತು ವರ್ಷದ ಸುತ್ತಿನಲ್ಲಿ ಹದಿನೈದು ಸುತ್ತು ಹಿಂದಕ್ಕೆ ಹೋದರೆ ಒಂಬೈನೂರು ವರ್ಷ. 1997ರಿಂದ ಕಳೆದರೆ 1097. ವಿಕ್ರಮನ ವರ್ಷದ ಲೆಕ್ಕದಲ್ಲಿ ಅದು ಇಪ್ಪತ್ತೆರಡನೆಯದು. ಮೂವತ್ತೆರಡಾಗಿದ್ದರೆ ಸರ್ವಜಿತು ಬರಬೇಕಾಗಿತ್ತು. ಅಚ್ಚಿನ ಮೇಲೆ ಭೂತಗನ್ನಡಿ ಹಿಡಿದು ನೋಡಿದಾಗ ನಾನು ಮೂರು ಎಂದುಕೊಂಡಿದ್ದ ಅಂಕಿಯ ನಡುವಿನ ಬಳುಕು ಕಲ್ಲಿನ ಬಿರುಕಾಗಿತ್ತು. ಆ ಕಲ್ಲು ನಿಲ್ಲಿಸಿದ ಮೇಲೆ ಅದೇ ಹೆಸರಿನ ಸಂವತ್ಸರ ಹದಿನೈದನೆಯ ಬಾರಿಗೆ ತಿರುಗಿ ಬಂದಾಗ ನಾವು ಅದನ್ನು ಓದುತ್ತಿದ್ದೇವೆ ಎಂಬುದು ಹೊಳೆದು ನನ್ನ ಮೈ ಜುಮ್ಮೆಂದಿತು.

ಆ ಉತ್ಸಾಹವೇ ನನ್ನನ್ನು ದಾರಿ ತಪ್ಪಿಸಿತು. ದೇವರಿಗೆ ಹನ್ನೆರಡು ಮತ್ತರು (ಆ ಕಾಲದ ನೆಲದ ಅಳತೆ) ಭೂಮಿಯನ್ನು ಬಿಟ್ಟವನ ಹೆಸರು ಹದಿನಾಲ್ಕನೆಯ ಸಾಲಿನಲ್ಲಿತ್ತು. ಅಲ್ಲಿ ಕಲ್ಲಿನ ಚಕ್ಕೆ ಎದ್ದು ಮೂರು ಅಕ್ಷರ ಹೋಗಿದ್ದವು. ಓದಲಾಗದ ಪ್ರತಿ ಅಕ್ಷರಕ್ಕೂ ಒಂದು ಚುಕ್ಕಿ ಇಡುವುದು, ಊಹಿಸಿದ್ದಾದರೆ ಚೌಕ ಕಂಸದೊಳಗೆ ಬರೆಯುವುದು ಶಾಸನಪಾಠದ ಪದ್ಧತಿ. ಮಾಸ್ತರರ ಮನೆಯಲ್ಲಿ ಬರೆದ ಪ್ರತಿಯಲ್ಲಿ ನಾನೂ ಮೂರು ಚುಕ್ಕಿ ಇಟ್ಟಿದ್ದೆ. ಆದರೆ ಜಾತ್ರೆಗೆ ಊರಲ್ಲಿ ಸ್ಮರಣ ಸಂಚಿಕೆ ತರುವ ಮಾತು ನಡೆದು, ಶಾಸನದ ಲೇಖನ ಬರೆದುಕೊಡೆಂದು ಹಿರಿಯರು ಮನೆಗೇ ಬಂದು ಕೇಳಿದಾಗ, ಚುಕ್ಕಿ ಇಟ್ಟ ಹೆಸರನ್ನು ಅವರ ಮುಂದಿಡಲು ನನ್ನಿಂದಾಗಲಿಲ್ಲ. ಊರಿನ ದೊಡ್ಡ ಮನೆತನದಲ್ಲಿ ತಲೆತಲಾಂತರದಿಂದ ನಡೆದುಬಂದ ಹೆಸರೊಂದಿತ್ತು, ಅದೂ ಮೂರಕ್ಷರದ್ದು. ಮೊದಲ ಅಕ್ಷರದ ತಲೆಕಟ್ಟು ಉಳಿದಿದೆ, ಹೊಂದುತ್ತದೆ, ಇರಲೂಬಹುದು ಎಂದು ನನಗೆ ನಾನೇ ಹೇಳಿಕೊಂಡು ಆ ಹೆಸರನ್ನು ಕಂಸವಿಲ್ಲದೆ ಬರೆದುಕೊಟ್ಟೆ. ಜಾತ್ರೆಯ ದಿನ ಶಾಲು ಹೊದಿಸಿದರು. ಅಪ್ಪ ಹತ್ತು ಪ್ರತಿ ಕೊಂಡು ಬೀಗರಿಗೆಲ್ಲ ಹಂಚಿದ. ಹನ್ನೊಂದನೆಯದನ್ನು ನಾನೇ ಒಯ್ದು ಮಾಸ್ತರರ ಕೈಗಿತ್ತೆ.

ಅವರು ಚಹಾ ಆರುವವರೆಗೆ ಓದಿದರು. ಓದಿ ಮುಗಿದ ಮೇಲೆ ಟ್ರಂಕಿನಿಂದ ಅಚ್ಚಿನ ಸುರುಳಿ ತೆಗೆದು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟರು. "ತಮ್ಮಾ, ಹದಿನಾಕನೇ ಸಾಲಿನ ಈ ಮೂರು ಅಕ್ಷರ ನನಗ ಕಾಣವಲ್ವು. ನಿನಗ ಕಂಡಾವ ಅಂತ ಬರದೀ. ನನಗೂ ತೋರಸು" ಎಂದು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಅವರು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ನನಗೆ ನಿಜವಾಗಿಯೂ ಕಂಡಿರಬಹುದು, ತಮ್ಮ ಕಣ್ಣೇ ಮಂದವಾಗಿರಬಹುದು ಎಂಬ ನಂಬಿಕೆ ಅವರ ದನಿಯಲ್ಲಿತ್ತು. ಆ ನಂಬಿಕೆಯ ಮುಂದೆ ನನಗೆ ಕುಳಿತಿರಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಅಚ್ಚನ್ನೇ ನೋಡುತ್ತಿದ್ದು, "ನಾಳೆ ಐತವಾರ. ನಿಮ್ಮೂರಿಗೆ ಹೋಗೂಣು" ಎಂದರು.

ಮರುದಿನ ಕಲ್ಲಿನ ಮುಂದೆ ಕುಳಿತಾಗ ಹೊತ್ತು ಇಳಿಯುತ್ತಿತ್ತು. ಶಾಸನ ಓದಲು ನಡುಹಗಲಿನ ಬೆಳಕು ಕೆಲಸಕ್ಕೆ ಬಾರದು, ಓರೆಯಾಗಿ ಬೀಳುವ ಬಿಸಿಲಿನಲ್ಲಿ ಮಾತ್ರ ಅಕ್ಷರದ ಅಂಚು ನೆರಳು ಹಿಡಿಯುತ್ತದೆ. ಮಾಸ್ತರರು ಚೀಲದಿಂದ ಒಂದು ಸಣ್ಣ ಕನ್ನಡಿ ತೆಗೆದು, ಸಂಜೆಯ ಬಿಸಿಲನ್ನು ಪಕ್ಕದಿಂದ ಆ ಚಕ್ಕೆ ಎದ್ದ ಜಾಗದ ಮೇಲೆ ಹಾಯಿಸಿದರು. ತಲೆಕಟ್ಟಿನ ಒಂದು ತುಣುಕು ಕಂಡಿತು, ಅಷ್ಟೇ. "ಈ ತಲೆಕಟ್ಟು ಯಾವ ಯಾವ ಅಕ್ಷರದ್ದು ಆಗಬಹುದು, ಎಣಿಸು" ಎಂದರು. ನಾನು ಹದಿನಾರಕ್ಕೆ ನಿಲ್ಲಿಸಿದೆ. ಆಮೇಲೆ ಕಲ್ಲಿನ ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಲು ಹೇಳಿದರು. ದಾನಶಾಸನಗಳ ಕೊನೆಗೆ ಮತ್ತೆ ಮತ್ತೆ ಬರುವ ಶಾಪದ ಶ್ಲೋಕ ಅದು. ಎಲ್ಲ ಕಡೆಯೂ ಇರುವುದೇ ಎಂದು ನಾನು ಯಾವಾಗಲೂ ಅದನ್ನು ಹಾರಿಸಿ ಬಿಡುತ್ತಿದ್ದೆ. "ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ" ಎಂದು ಓದುತ್ತ ಹೋದೆ. ತಾನು ಕೊಟ್ಟದ್ದಾಗಲಿ ಇನ್ನೊಬ್ಬರು ಕೊಟ್ಟದ್ದಾಗಲಿ, ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆಂದು ಅದರ ಅರ್ಥ. ಮಾಸ್ತರರು ಅರ್ಥ ಬಿಡಿಸಲಿಲ್ಲ. ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಗುಡಿಯ ಕಟ್ಟೆಯ ಮೇಲೆ ಜಾತ್ರೆಯ ಲೆಕ್ಕ ಮುಗಿಸಲು ಹಿರಿಯರು ಕೂಡಿದ್ದರು. ಮಾಸ್ತರರು ನನ್ನ ಪರವಾಗಿ ಮಾತನಾಡುತ್ತಾರೆಂದು ಎಣಿಸಿದ್ದೆ. ಅವರು ಹಿಂದೆ ಹೋಗಿ ಅಪ್ಪನ ಪಕ್ಕದಲ್ಲಿ ಕುಳಿತರು. ನಾನೇ ಎದ್ದು ನಿಂತು, ಆ ಹೆಸರು ಕಲ್ಲಿನಲ್ಲಿ ಇಲ್ಲವೆಂದೂ ನಾನು ಊಹಿಸಿ ಬರೆದೆನೆಂದೂ ಹೇಳಿದೆ. "ಮೂರು ಅಕ್ಷರಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೊಂತೀಯೋ? ಯಾರೂ ಕೇಳಂಗಿಲ್ಲ, ಕಲ್ಲ ಮಾತಾಡಂಗಿಲ್ಲ" ಎಂದು ಒಬ್ಬರು ನಕ್ಕರು. ಆಗ ನನ್ನ ಬಾಯಿಗೆ ಬಂದ ಮಾತು ಮೊದಲೇ ಯೋಚಿಸಿದ್ದಲ್ಲ: "ಕಾಕಾ, ಹನ್ನೆರಡು ಮತ್ತರು ಹೊಲ ಬಿಟ್ಟಾಂವ ಒಬ್ಬ ಇದ್ದ. ಅಂವನ ಹೆಸರಿನ ಜಾಗಾದಾಗ ನಾ ಬ್ಯಾರೇದವರನ್ನ ಕುಂದರಿಸಿದ್ರ, ಅಂವ ಕೊಟ್ಟದ್ದನ್ನ ನಾ ಕಸಗೊಂಡಾಂಗ ಆಗ್ತೈತ್ರಿ." ಕಟ್ಟೆಯ ಮೇಲೆ ಯಾರೂ ಮಾತಾಡಲಿಲ್ಲ. ದೊಡ್ಡ ಮನೆಯ ಹಿರಿಯರು ಎದ್ದು ಹೋದರು. ಮುಂದೆ ಎರಡು ವರ್ಷ ಆ ಮನೆಯ ಯಾವ ಕಾರ್ಯಕ್ಕೂ ನಮಗೆ ಕರೆಯೋಲೆ ಬರಲಿಲ್ಲ. ಅವ್ವ ಅದಕ್ಕಾಗಿ ಬಹಳ ನೊಂದಳು, ಅದರ ಭಾರವನ್ನು ನಾನು ಇಂದಿಗೂ ಹೊತ್ತಿದ್ದೇನೆ. ಬಸ್ ನಿಲ್ದಾಣದವರೆಗೆ ಮಾಸ್ತರರ ಚೀಲ ಹೊತ್ತು ಬಂದ ಅಪ್ಪ, "ಹುಡುಗನ ಮ್ಯಾಲ ಸಿಟ್ಟು ಇಟ್ಟಗೋಬ್ಯಾಡ್ರಿ ಮಾಸ್ತರ" ಎಂದ. "ಸಿಟ್ಟಿದ್ದರ ನಾ ಯಾಕ ಬರ್ತಿದ್ದೆರಿ, ಮನ್ಯಾಗ ಇರ್ತಿದ್ದೆ" ಎಂದರು ಅವರು.

ಹಂಚದೆ ಉಳಿದಿದ್ದ ನೂರಾ ನಲವತ್ತು ಪ್ರತಿಗಳನ್ನು ಮಾಳಮಡ್ಡಿಗೆ ತಂದೆ. ತಿದ್ದುಪಡಿಯ ಚೀಟಿಯನ್ನು ಮುದ್ರಿಸಿ, ಇಬ್ಬರೂ ಎದುರು-ಬದುರು ಕುಳಿತು, ಗೋಂದು ಹಚ್ಚಿ ಒಂದೊಂದಕ್ಕೂ ಅಂಟಿಸಿದೆವು. ಅವರು ಮಾಡಬೇಕಾದ ಕೆಲಸವಾಗಿರಲಿಲ್ಲ. ಆದರೂ ನನಗಿಂತ ಹೆಚ್ಚು ಪ್ರತಿಗಳಿಗೆ ಅವರೇ ಅಂಟಿಸಿದರು. ರಾತ್ರಿ ಕೆಲಸ ಮುಗಿದಾಗ ಕೆಂಪು ರಟ್ಟಿನ ಒಂದು ಉದ್ದನೆಯ ಕಿರ್ದಿ ಪುಸ್ತಕವನ್ನು ಕಪಾಟಿನಿಂದ ತೆಗೆದರು. ತಾವು ತಪ್ಪಾಗಿ ಓದಿದ ಪಾಠಗಳನ್ನೆಲ್ಲ, ಊರು, ಸಾಲು, ತಪ್ಪು, ಸರಿ ಎಂಬ ನಾಲ್ಕು ಮನೆ ಮಾಡಿ, ಅವರು ಮೂವತ್ತು ವರ್ಷದಿಂದ ಬರೆದಿಟ್ಟಿದ್ದರು. ಅದರಲ್ಲಿ ನಮ್ಮೂರನ್ನೂ ಹದಿನಾಲ್ಕನೆಯ ಸಾಲನ್ನೂ ಬರೆದು, ತಪ್ಪಿನ ಮನೆಯಲ್ಲಿ "ಗೆಳೆಯರ ಲೇಖನ ಅಚ್ಚಿಗೆ ಹೋಗುವ ಮೊದಲು ನಾನು ಕೇಳಿ ತರಿಸಿಕೊಂಡು ನೋಡಲಿಲ್ಲ" ಎಂದು ದಾಖಲಿಸಿದರು. ನನ್ನ ತಪ್ಪನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬೇಡಿರೆಂದು ಕೇಳಿಕೊಂಡೆ. "ಕೂಡಿ ಓದಿದ ಕಲ್ಲು" ಎಂದರು, ಪುಸ್ತಕ ಮುಚ್ಚಿದರು. ಅವರು ಬೈದಿದ್ದರೆ ನಾನು ಒಂದು ವಾರದಲ್ಲಿ ಮರೆಯುತ್ತಿದ್ದೆನೇನೋ.

ಪದವಿ ಮುಗಿದು ಭೂಮಾಪನದ ಕೆಲಸ ಸಿಕ್ಕಿ ಹಾವೇರಿ ಜಿಲ್ಲೆಗೆ ಹೋದೆ. ಹೊಲಗಳ ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಹೋದಾಗ ಗಡಿಯ ಬಾಂದಕಲ್ಲು ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಎರಡೂ ಕಡೆಯವರು ತಮ್ಮ ತಮ್ಮ ಜಾಗ ತೋರಿಸುತ್ತಾರೆ, ಯಾವುದಾದರೂ ಒಂದನ್ನು ಬರೆದು ಮುಗಿಸಿ ಎಂಬ ಒತ್ತಾಯ ಬರುತ್ತದೆ. "ಕಲ್ಲು ಕಂಡುಬಂದಿಲ್ಲ" ಎಂದು ನಕ್ಷೆಯಲ್ಲಿ ಬರೆದು, ಹಳೆಯ ಟಿಪ್ಪಣಿ ತರಿಸಿ ಮತ್ತೆ ಅಳೆಯುವುದು ನಿಧಾನದ ಕೆಲಸ. ಅದಕ್ಕಾಗಿ ಮೇಲಿನವರಿಂದ ಮಾತು ಕೇಳಿದ್ದೂ ಉಂಟು. ಆಗೆಲ್ಲ ನನಗೆ ಹದಿನಾಲ್ಕನೆಯ ಸಾಲು ನೆನಪಾಗುತ್ತಿತ್ತು.

2006ರ ಹೊತ್ತಿಗೆ ಮಾಸ್ತರರ ದೃಷ್ಟಿ ಪೂರ್ತಿ ಹೋಯಿತು. ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ತೊಂದರೆ ಅದಾಗಿರಲಿಲ್ಲ. ಓದುವುದು ಇನ್ನು ಮುಗಿಯಿತೆಂದು ನಾನು ಅಂದುಕೊಂಡಿದ್ದೆ, ಅವರು ಅಂದುಕೊಂಡಿರಲಿಲ್ಲ. ಪಡಿಯಚ್ಚಿನ ಹಾಳೆಯಲ್ಲಿ ಅಕ್ಷರಗಳು ತಗ್ಗಾಗಿ ಉಳಿದಿರುತ್ತವೆ, ಬೆರಳಾಡಿಸಿದರೆ ತಿಳಿಯುತ್ತವೆ. 2009ರ ದೀಪಾವಳಿಯ ಮುಂಚೆ ಹಾನಗಲ್ಲಿನ ಕಡೆಯ ಒಂದು ವೀರಗಲ್ಲಿನ ಅಚ್ಚನ್ನು ಅವರಲ್ಲಿಗೆ ಒಯ್ದೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಪಟ್ಟಿಕೆಗಳ ನಡುನಡುವೆ ಎರಡೆರಡು ಸಾಲು. ಅವರು ಕೈ ತೊಳೆದು, ಒರೆಸಿ, ಉಂಗುರದ ಬೆರಳನ್ನು ಸಾಲಿನ ಮೇಲೆ ಇಟ್ಟರು. "ತುಱುವಂ ಮಗುೞ್ಚಿ" ಎಂದು ಓದಿದರು. ಊರ ದನಗಳನ್ನು ಶತ್ರುಗಳಿಂದ ಬಿಡಿಸಿಕೊಂಡು ತಂದು ಎಂದರ್ಥ. ಱ ಮತ್ತು ೞ ಎರಡನ್ನೂ ಅವರ ಬೆರಳು ನನ್ನ ಕಣ್ಣಿಗಿಂತ ಬೇಗ ಗುರುತಿಸಿತು. ಸತ್ತವನ ಹೆಸರು ಬಂದಾಗ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದಿತು, ಮೂರು ಸಲ.

"ವ ಅದನೋ ಮ ಅದನೋ ಬೆರಳಿಗೆ ತಿಳೀವಲ್ದು. ನಿನ್ನ ಕಣ್ಣಿಗೆ?"

ನನ್ನ ಪ್ರತಿಯಲ್ಲಿ ನಾನು ಮ ಎಂದು ಬರೆದಿದ್ದೆ. ಆ ಸೀಮೆಯಲ್ಲಿ ಆ ಹೆಸರು ರೂಢಿಯಲ್ಲಿದ್ದುದೇ ಅದಕ್ಕೆ ಕಾರಣ. ಹಾಳೆಯನ್ನು ಕಿಟಕಿಗೆ ಹಿಡಿದು, ಓರೆ ಮಾಡಿ, ಭೂತಗನ್ನಡಿ ಹಚ್ಚಿ ನೋಡಿದೆ.

"ನನಗೂ ತಿಳೀವಲ್ದರಿ" ಎಂದೆ.

ಅಕ್ಷರವನ್ನು ಅಳಿಸಿ ಚುಕ್ಕಿ ಇಟ್ಟೆ. ಪೆನ್ಸಿಲ್ ಕಾಗದದ ಮೇಲೆ ಊರಿದ ಸಪ್ಪಳ ಅವರಿಗೆ ಕೇಳಿಸಿತೆಂದು ತೋರುತ್ತದೆ. ಬೆರಳನ್ನು ಮುಂದಿನ ಅಕ್ಷರಕ್ಕೆ ಸರಿಸಿದರು.